ವಿಸಿಲ್ ಎಷ್ಟಾಯಿತು?

ಪ್ರಾಡಕ್ಟ್ ಡಿಸೈನ್ ಓದುವ ಮಕ್ಕಳು ಮನೆಗೆ ಬಂದರೆ ಅಡಿಗೆಮನೆಯ ಯಾವ ಪಾತ್ರೆಗೂ ನೆಮ್ಮದಿ ಇರುವುದಿಲ್ಲ. ನನ್ನ ತಮ್ಮನ ಮಗಳು ಪುಟ್ಟಿ ರಜೆಗೆಂದು ಮೈಸೂರಿನ ಚಾಮರಾಜಪುರಂನಲ್ಲಿರುವ ನಮ್ಮ ಮನೆಗೆ ಬಂದಿಳಿದಾಗ ಅವಳ ಚೀಲದಲ್ಲಿ ಬಟ್ಟೆಗಿಂತ ಹೆಚ್ಚಾಗಿ ಅಳತೆಯ ಟೇಪು, ದಪ್ಪ ನೋಟ್‌ಬುಕ್ಕು, ಮೊಬೈಲ್ ನಿಲ್ಲಿಸುವ ಮೂರು ಕಾಲಿನ ಸ್ಟ್ಯಾಂಡು ಇದ್ದವು. “ಮನೆಬಳಕೆ ಸಾಮಾನುಗಳನ್ನ ಹೊಸದಾಗಿ ಯೋಚಿಸಬೇಕು ದೊಡ್ಡಪ್ಪ, ಈ ಸೆಮಿಸ್ಟರ್‌ಗೆ ಅದೇ ಪ್ರಾಜೆಕ್ಟು” ಅಂದಳು. ಕಾಫಿ ಕುಡಿದವಳೇ ಆ ಲೋಟವನ್ನು ಎತ್ತಿಕೊಂಡು, ಹೆಣ್ಣು ನೋಡಲು ಬಂದವರ ಹಾಗೆ ಹಿಂದೆ ಮುಂದೆ ನೋಡತೊಡಗಿದಳು. ನನ್ನ ಹೆಂಡತಿ ಗಾಬರಿಯಾಗಿ, “ಯಾಕೆ, ಸರಿಯಾಗಿ ತೊಳೆದಿಲ್ವೇನೆ?” ಅಂದಳು.

ಅವಳು ಓದುವುದು ಏನೆಂದು ನನ್ನ ವಾಕಿಂಗ್ ಗೆಳೆಯರಿಗೆ ತಿಳಿಸಿ ಹೇಳುವುದೇ ಒಂದು ಸಾಹಸ. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಡೆಯುವ ನಾವೆಲ್ಲ ಪಿಂಚಣಿದಾರರು. ಅವರ ಮನೆಗಳ ಮಕ್ಕಳೆಲ್ಲ ಕಂಪ್ಯೂಟರ್ ಸೈನ್ಸು. “ಚೊಂಬು, ಸೌಟು, ಪೊರಕೆ ಹೇಗಿರಬೇಕು ಅಂತ ಓದ್ತಾಳೆ” ಅಂದೆ. ಒಬ್ಬರು ಸಂತಾಪ ಸೂಚಿಸುವ ಮುಖ ಮಾಡಿಕೊಂಡು ನನ್ನ ಬೆನ್ನು ಸವರಿದರು. ಇನ್ನೊಬ್ಬರು ಸ್ವಲ್ಪ ದೂರ ಸುಮ್ಮನೆ ನಡೆದು, “ಪ್ಯಾಕೇಜ್ ಎಷ್ಟು ಬರುತ್ತೆ ಸಾರ್, ಅದರಲ್ಲಿ?” ಅಂದರು.

ಚೊಂಬಿನ ಮಹಿಮೆ ಅವರಿಗೆ ತಿಳಿಯದು. ನನಗೂ ತಿಳಿದಿರಲಿಲ್ಲ, ಪುಟ್ಟಿ ಹೇಳಿದ ಮೇಲೆ ತಿಳಿಯಿತು. ಸ್ವಾತಂತ್ರ್ಯ ಬಂದ ಹೊಸದರಲ್ಲಿ ನಮ್ಮ ಸಣ್ಣ ಕೈಗಾರಿಕೆಗಳ ಸಾಮಾನು ಸುಧಾರಿಸುವುದು ಹೇಗೆಂದು ಸಲಹೆ ಕೇಳಲು ಭಾರತ ಸರ್ಕಾರ ಅಮೆರಿಕದ ಚಾರ್ಲ್ಸ್ ಮತ್ತು ರೇ ಈಮ್ಸ್ ಎಂಬ ದಂಪತಿಯನ್ನು ಕರೆಸಿತಂತೆ. ಕುರ್ಚಿ ಮಾಡುವುದರಲ್ಲಿ ಜಗತ್ಪ್ರಸಿದ್ಧರು. ಅವರು ದೇಶವೆಲ್ಲ ಸುತ್ತಿ ನೋಡಿ, 1958ರಲ್ಲಿ ಬರೆದುಕೊಟ್ಟದ್ದರಲ್ಲಿ ಹಾಡಿ ಹೊಗಳಿದ್ದು ನಮ್ಮ ನೀರಿನ ಚೊಂಬನ್ನು. ತುಂಬಿದಾಗ ತೂಕ ಎಲ್ಲಿ ಕೂರುತ್ತದೆ, ಬರಿದಾದಾಗ ಎಲ್ಲಿ, ಸೊಂಟದ ಮೇಲೆ ಹೇಗಿರುತ್ತದೆ, ತಲೆಯ ಮೇಲೆ ಹೇಗೆ, ಕೈಗೆ ಹೇಗೆ ಸಿಗುತ್ತದೆ, ನೀರು ಹೇಗೆ ಸುರಿಯುತ್ತದೆ, ತಟ್ಟಿದರೆ ಎಂಥ ಸದ್ದು, ಹಳೆಯದಾದ ಮೇಲೆ ಲೋಹಕ್ಕೆ ಏನು ಬೆಲೆ — ಹೀಗೆ ಪ್ರಶ್ನೆಗಳ ಸಾಲು. ಇಷ್ಟನ್ನೆಲ್ಲ ಯಾರೋ ಒಬ್ಬ ಜಾಣ ಕೂತು ಯೋಚಿಸಿದ್ದಲ್ಲ, ತಲೆಮಾರುಗಳ ಕೈಗಳು ಸೇರಿ ತಿದ್ದಿದ್ದು ಎಂಬುದು ಅವರ ತೀರ್ಮಾನ. ಸರ್ಕಾರ ಕೇಳಿದ್ದು ವರದಿ, ಅವರು ಕೊಟ್ಟದ್ದು ಚೊಂಬು. ಆ ವರದಿಯ ಬಲದ ಮೇಲೆಯೇ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು. ಇದನ್ನು ಮಾರನೆಯ ದಿನ ಕೆರೆ ಏರಿಯ ಮೇಲೆ ಹೇಳಿದೆ. ಪ್ಯಾಕೇಜಿನ ಪ್ರಶ್ನೆ ಮತ್ತೆ ಬರಲಿಲ್ಲ. ಬೆನ್ನು ಸವರುವುದು ಮುಂದುವರಿದಿದೆ.

ಸುರಿಯುವ ಮಾತು ಬಂದದ್ದರಿಂದ ನಮ್ಮ ರಸಂ ಪಾತ್ರೆಯ ವಿಷಯ ಹೇಳಿಬಿಡುತ್ತೇನೆ. ಸ್ಟೀಲಿನದು, ಬಾಯಿಯ ಅಂಚು ಗುಂಡಗೆ ಹೊರಕ್ಕೆ ಮಡಚಿಕೊಂಡಿದೆ. ಬಗ್ಗಿಸಿದರೆ ರಸಂ ಮುಂದಕ್ಕೆ ಬೀಳದೆ ಪಾತ್ರೆಯ ಹೊಟ್ಟೆಯನ್ನೇ ಸವರಿಕೊಂಡು ಇಳಿದು, ತಳದಿಂದ ತನಗೆ ಬೇಕಾದ ಕಡೆ ಬೀಳುತ್ತದೆ. ಯುಗಾದಿಗೆ ಬೀಗರು ಊಟಕ್ಕೆ ಬಂದಿದ್ದಾಗ ಅದಕ್ಕೆ ಬೇಕಾಗಿದ್ದದ್ದು ಬೀಗರ ಹೊಸ ಪಂಚೆ. ಬಡಿಸುತ್ತಿದ್ದವನು ನಾನು. ಅವರು ದೊಡ್ಡ ಮನಸ್ಸಿನಿಂದ “ಪರವಾಗಿಲ್ಲ, ರಸಂ ಚೆನ್ನಾಗಿದೆ” ಅಂದರಾದರೂ ಅವರಿಗೆ ರುಚಿ ನೋಡುವಷ್ಟು ಎಲೆಯ ಮೇಲೆ ಬಿದ್ದಿರಲೇ ಇಲ್ಲ.

ಪುಟ್ಟಿ ಈ ಪ್ರಕರಣವನ್ನು ಕೇಳಿ ಬಹಳ ಸಂತೋಷಪಟ್ಟಳು. ದ್ರವ ಹೀಗೆ ಅಂಚಿಗೆ ಅಂಟಿಕೊಂಡು ಹಿಂದಕ್ಕೆ ಹರಿಯುವುದಕ್ಕೆ ವಿಜ್ಞಾನಿಗಳು ಟೀಪಾಟ್ ಪರಿಣಾಮ ಅನ್ನುತ್ತಾರಂತೆ. 1956ರಲ್ಲಿ ಮಾರ್ಕಸ್ ರೈನರ್ ಎಂಬಾತ ಇಟ್ಟ ಹೆಸರು. ಅಂಚು ಗುಂಡಗಿದ್ದರೆ, ನಿಧಾನವಾಗಿ ಬಗ್ಗಿಸಿದರೆ ಸೋರುವುದು ಖಂಡಿತ. ಅಂಚು ತೆಳ್ಳಗೆ ಚೂಪಾಗಿದ್ದು, ಧೈರ್ಯವಾಗಿ ಬಗ್ಗಿಸಿದರೆ ಸೋರುವುದಿಲ್ಲ. ತೊಟ್ಟಿಕ್ಕದ ಟೀಪಾಟಿನ ಮೂತಿ ಹೇಗಿರಬೇಕೆಂದು ಲೆಕ್ಕ ಹಾಕಿದ ಇಬ್ಬರಿಗೆ 1999ರ ಇಗ್ ನೊಬೆಲ್ ಎಂಬ ತಮಾಷೆಯ ಬಹುಮಾನವೂ ಬಂದಿದೆ. ನಾನು ಕೂಡಲೇ ಅಡಿಗೆಮನೆಗೆ ಹೋಗಿ, ಪಂಚೆಯ ಪ್ರಕರಣದಲ್ಲಿ ನನ್ನ ಪಾತ್ರವೇನೂ ಇಲ್ಲ, ಎಲ್ಲ ರೈನರನ ಪರಿಣಾಮ ಎಂದು ನಿರೂಪಿಸಿದೆ. “ಸರಿ ಬಿಡಿ, ಆ ಅರಿಶಿನದ ಕಲೆ ಅವರೇ ಬಂದು ತೆಗೀತಾರಾ ಕೇಳಿ” ಅಂದಳು ಹೆಂಡತಿ. ಬಟ್ಟೆ ಒಗೆಯುವ ಕಲ್ಲಿನ ಮುಂದೆ ಭೌತಶಾಸ್ತ್ರ ನಿಲ್ಲುವುದಿಲ್ಲ.

ಪುಟ್ಟಿಯ ದೊಡ್ಡ ಯೋಜನೆ ಪಾತ್ರೆಯದಲ್ಲ, ಕುಕ್ಕರಿನದು. ನಿವೃತ್ತನಾದ ಮೇಲೆ ಮನೆಯಲ್ಲಿ ನನಗೆ ಸಿಕ್ಕಿರುವ ಒಂದೇ ಅಧಿಕಾರದ ಹುದ್ದೆ ಕುಕ್ಕರ್ ವಿಸಿಲ್ ಎಣಿಸುವುದು. ಪೇಪರ್ ಓದುತ್ತ ಎಣಿಸಬಹುದು, ಬಡ್ತಿ ಇಲ್ಲ, ವರ್ಗಾವಣೆಯೂ ಇಲ್ಲ. “ರೀ, ಎಷ್ಟಾಯ್ತು?” ಅಂದಾಗ “ಮೂರು” ಅನ್ನಬೇಕು, ಅಷ್ಟೆ. ಆ ಹುದ್ದೆಗೇ ಈ ಹುಡುಗಿ ಕಣ್ಣು ಹಾಕಿದಳು. ಸದ್ದು ಹಿಡಿಯುವ ಸಣ್ಣ ಮೈಕು, ಅಂಕಿ ತೋರಿಸುವ ಕೆಂಪು ದೀಪ, ಒಂದು ಬ್ಯಾಟರಿ — ಎಲ್ಲವನ್ನೂ ಸೋಪಿನ ಡಬ್ಬಿಯೊಳಗೆ ಕೂರಿಸಿ ಒಲೆಯ ಪಕ್ಕ ಇಟ್ಟಳು. ಕುಕ್ಕರ್ ಕೂಗಿದಾಗಲೆಲ್ಲ ಅಂಕಿ ಒಂದೊಂದು ಏರಬೇಕು. ನಾಲ್ಕಾದರೆ ಅದು ಕಿರುಚಬೇಕು.

ಕಿರುಚಿತು, ನಮ್ಮ ಕುಕ್ಕರ್ ಬಾಯಿ ಬಿಡುವ ಮೊದಲೇ. ಗೋಡೆಯಾಚೆ ಪಕ್ಕದ ಮನೆಯಲ್ಲೂ ಅನ್ನಕ್ಕೆ ಇಟ್ಟಿದ್ದರು, ಅದು ಮೂರು ಸಲ ಕೂಗಿತ್ತು. ಮಿಕ್ಕ ಒಂದು ಚಾಮರಾಜನಗರದ ಕಡೆ ಹೋಗುವ ರೈಲಿನದು. ನಮ್ಮ ಮನೆಗೆ ಚಾಮರಾಜಪುರಂ ಸ್ಟೇಷನ್ನು ಕೂಗಳತೆ ದೂರ. ಯಂತ್ರದ ಮಾತು ನಂಬಿ ಹೆಂಡತಿ ಒಲೆ ಆರಿಸಿದಳು. ಆ ದಿನದ ಹುಳಿಯಲ್ಲಿ ಬೇಳೆ ತನ್ನ ಸ್ವಂತಿಕೆಯನ್ನು ಕಾಪಾಡಿಕೊಂಡಿತ್ತು. ನಾನು ಎರಡು ಸಲ ಬಡಿಸಿಕೊಂಡು ತಿಂದೆ. ಅಷ್ಟು ರುಚಿಯಾದ ಹುಳಿ ಈಚೆಗೆ ತಿಂದದ್ದಿಲ್ಲ.

ಸೋತು ಕೂರುವವಳಲ್ಲ ಪುಟ್ಟಿ. ಮೊಬೈಲ್ ನಿಲ್ಲಿಸಿ ದೊಡ್ಡಮ್ಮ ಅಡಿಗೆ ಮಾಡುವುದನ್ನು ಪೂರ್ತಿ ಚಿತ್ರ ತೆಗೆದಳು. ಪ್ರತಿ ಸಲ ಇಕ್ಕಳ ಎತ್ತಿಕೊಂಡಾಗ, ಬಗ್ಗಿದಾಗ, ಮುಚ್ಚಳ ಕೈಜಾರಿದಾಗ ಗುರುತು ಹಾಕಿಕೊಂಡಳು. “ಯೂಸರ್‌ನ ಗಮನಿಸೋದೇ ಮುಖ್ಯ” ಅಂದಳು. ನನ್ನವಳು ಅಡಿಗೆಮನೆಯಿಂದಲೇ, “ಯೂಸರ್ ಅಂದ್ರೆ ನಾನಾ? ಇಷ್ಟು ವರ್ಷ ಯಜಮಾನಿ ಅಂದ್ಕೊಂಡಿದ್ದೆ” ಅಂದಳು. ಗಮನಿಸಿದ್ದರಿಂದ ಗೊತ್ತಾದದ್ದೇನೆಂದರೆ, ಆಕೆ ನನ್ನ ಎಣಿಕೆಯನ್ನು ಯಾವತ್ತೂ ಲೆಕ್ಕಕ್ಕೆ ಇಟ್ಟುಕೊಂಡೇ ಇಲ್ಲ! ಉರಿ ಎಷ್ಟಿದೆ, ಹಬೆ ಹೇಗೆ ಬರುತ್ತಿದೆ, ವಾಸನೆ ತಿರುಗಿತೇ ಎಂದು ನೋಡಿ ಆರಿಸುತ್ತಾಳೆ. ನನ್ನನ್ನು ಕೇಳುವುದು ನಾನು ಸುಮ್ಮನೆ ಕೂತಿರಬಾರದೆಂದು. “ಕೂಗೋದು ಬೇರೆ, ಬೇಯೋದು ಬೇರೆ ಪುಟ್ಟಿ” ಅಂದಳಂತೆ. ಕುಕ್ಕರ್ ಜೊತೆ ಬರುವ ಪುಸ್ತಿಕೆ ಹೇಳುವುದೂ ಅದನ್ನೇ. ಅಲ್ಲಿರುವುದು ನಿಮಿಷದ ಲೆಕ್ಕ. ಒಳಗೆ ಒತ್ತಡ ಏರಿ ನೀರು ನೂರರ ಬದಲು ಸುಮಾರು 120 ಡಿಗ್ರಿಗೆ ಕುದಿಯುವುದರಿಂದ ಬೇಗ ಬೇಯುತ್ತದೆ. ವಿಸಿಲ್ ಎಂಬುದು ಹೆಚ್ಚಾದ ಹಬೆ ಹೊರಬೀಳುವ ಸದ್ದು, ಅಷ್ಟೆ. 1679ರಲ್ಲಿ ಡೆನಿಸ್ ಪಾಪಿನ್ ಎಂಬ ಫ್ರೆಂಚ್ ಪಂಡಿತ ಮೊದಲ ಕುಕ್ಕರ್ ಮಾಡಿದ, ಅದಕ್ಕೆ ತೂಕದ ಕವಾಟವನ್ನೂ ಇಟ್ಟ, ಅದು ಸಿಡಿಯದಿರಲೆಂದು. ಎಣಿಸುವುದಕ್ಕೆ ಒಬ್ಬ ಗಂಡ ಬೇಕೆಂದು ಅವನೂ ಹೇಳಿಲ್ಲ.

ಕುಕ್ಕರಿನಲ್ಲಿ ನಾನು ಮೆಚ್ಚುವುದು ಮುಚ್ಚಳದ ಅಂಚಿನ ಒಂದು ಸಣ್ಣ ಸೀಳನ್ನು. ನೋಡಿಲ್ಲದಿದ್ದರೆ ಈಗಲೇ ಎದ್ದು ಹೋಗಿ ನೋಡಿ, ನಾನು ಕಾಯುತ್ತೇನೆ. ವಿಸಿಲಿನ ದಾರಿ ಕಟ್ಟಿಕೊಂಡು, ಸುರಕ್ಷತೆಯ ಬಿರಡೆಯೂ ಕೈಕೊಟ್ಟರೆ ಒಳಗಿನ ರಬ್ಬರ್ ಗ್ಯಾಸ್ಕೆಟ್ ಆ ಸೀಳಿನಿಂದ ಹೊರಕ್ಕೆ ಉಬ್ಬಿ ಹಬೆಯನ್ನು ಬಿಟ್ಟುಬಿಡುತ್ತದೆ. ಬೆಂಗಳೂರಿನ ಟಿ.ಟಿ. ಜಗನ್ನಾಥನ್ ಪ್ರೆಸ್ಟೀಜ್ ಕುಕ್ಕರಿಗೆ ತಂದ ಉಪಾಯ ಅದು. ಮೋಟರಿಲ್ಲ, ಬ್ಯಾಟರಿಯಿಲ್ಲ, ಒಂದು ಸೀಳು. ಪುಟ್ಟಿಯ ಸೋಪಿನ ಡಬ್ಬಿಗಿಂತ ಎಷ್ಟೋ ಮೇಲು ಎಂದು ಅವಳೇ ಒಪ್ಪಿಕೊಂಡಳು.

ಆಮೇಲೆ ಪೊರಕೆ. ನಮ್ಮ ಮನೆಗೆಲಸಕ್ಕೆ ಬರುವಾಕೆ ಬಗ್ಗಿ ಬಗ್ಗಿ ಗುಡಿಸುವುದನ್ನು ಕಂಡು ಮರುಗಿ, ಪುಟ್ಟಿ ಉದ್ದನೆಯ ಬಿದಿರಿನ ಹಿಡಿ ಕಟ್ಟಿ ಒಂದು ಪೊರಕೆ ಮಾಡಿಕೊಟ್ಟಳು. ಆಕೆ ತುಂಬು ಮನಸ್ಸಿನಿಂದ ಹೊಗಳಿ ಇಸಿದುಕೊಂಡಳು. ಮಾರನೆಯ ದಿನ ನೋಡಿದರೆ ಹಿಡಿ ಅರ್ಧಕ್ಕೆ ಕತ್ತರಿಸಿಹೋಗಿದೆ. “ಮಂಚದ ಕೆಳಕ್ಕೆ ಹೋಗಲ್ಲ ಕಣವ್ವ, ಮೂಲೆಗೆ ಸಿಗಲ್ಲ. ಬೀದಿ ಗುಡಿಸೋಕೆ ಚೆಂದಾಗೈತೆ” ಅಂದಳು. ಪುಟ್ಟಿ ಅತ್ತಾಳೆಂದುಕೊಂಡಿದ್ದೆ. ಅವಳು ಕತ್ತರಿಸಿದ ಹಿಡಿಯನ್ನೇ ಅಳೆದು ಬರೆದುಕೊಂಡಳು.

ಇದನ್ನು ನೋಡಿದಾಗ ನನಗೆ ಕುಣಿಗಲ್ ಕಡೆಯ ನಮ್ಮ ಸೋದರತ್ತೆಯ ಮನೆಯ ಅಸ್ತ್ರ ಒಲೆ ನೆನಪಾಯಿತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಹಳ್ಳಿಗಳಿಗಾಗಿ ವಿಜ್ಞಾನ ಎಂದು ‘ಅಸ್ತ್ರ’ ಶುರುಮಾಡಿ, ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಕೇಂದ್ರ ತೆರೆದರು. ಅಲ್ಲಿಯ ಕೆಲಸದಿಂದ ಬಂದದ್ದು ಈ ಒಲೆ: ಮಣ್ಣಿನ ಮೈ, ಮೂರು ಪಾತ್ರೆಗೆ ಜಾಗ, ಹೊಗೆ ಹೋಗಲು ಕೊಳವೆ. ಸೌದೆ ಕಡಿಮೆ ಸಾಕು, ಕಣ್ಣುರಿಯಿಲ್ಲ. ಕರ್ನಾಟಕದ ಹಳ್ಳಿ ಹಳ್ಳಿಗೂ ಹೋಯಿತು. ಆದರೆ ನಮ್ಮತ್ತೆಗೆ ಎರಡು ದೂರು. ಕೆಂಡದ ಮೇಲೆ ಬದನೆಕಾಯಿ ಸುಡಲು ಜಾಗವಿಲ್ಲ, ಮತ್ತು ಅಟ್ಟದ ಮೇಲಿನ ಬಿತ್ತನೆ ಬೀಜಕ್ಕೆ ಹೊಗೆ ತಾಗದೆ ಹುಳು ಹಿಡಿಯುತ್ತದೆ. ವಿಜ್ಞಾನ ಹೊಗೆಯನ್ನು ಶತ್ರುವೆಂದುಕೊಂಡಿತ್ತು, ಅತ್ತೆಗೆ ಅದು ಅರ್ಧ ಶತ್ರು, ಅರ್ಧ ಆಳು. ಆಕೆ ಅಸ್ತ್ರ ಒಲೆಯಲ್ಲಿ ದಿನದ ಅಡಿಗೆ ಮಾಡಿದಳು, ಹಿತ್ತಲಲ್ಲಿ ಮೂರು ಕಲ್ಲಿನ ಹಳೆಯ ಒಲೆಯನ್ನೂ ಉಳಿಸಿಕೊಂಡಳು. ಇಬ್ಬರೂ ಗೆದ್ದರೆಂದೇ ನನ್ನ ತೀರ್ಪು.

ಈ ಕಥೆ ಹೇಳಿದ ಮೇಲೆ, ಹಳೆಯ ಕಾಲದ ಸಾಮಾನು ನೋಡಿಬರಲಿ ಎಂದು ಪುಟ್ಟಿಯನ್ನು ಮಾನಸಗಂಗೋತ್ರಿಯ ಜಯಲಕ್ಷ್ಮೀ ವಿಲಾಸಕ್ಕೆ ಕಳಿಸಿದೆ. ಅಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ 1968ರಿಂದ ಇದೆ. ಹೋಗಿಬಂದವಳು ನಮ್ಮ ಮನೆಯ ಈಳಿಗೆ ಮಣೆಯ ಮುಂದೆ ಕೂತಳು. ಕಾಲಿನಿಂದ ಮಣೆ ಒತ್ತಿಹಿಡಿದರೆ ಎರಡು ಕೈಯೂ ತರಕಾರಿಗೆ ಬಿಡುವು. ಅಲಗು ಅಲ್ಲಾಡುವುದಿಲ್ಲ, ತರಕಾರಿಯೇ ಅದರ ಬಳಿಗೆ ಹೋಗುತ್ತದೆ. ತುದಿಯಲ್ಲೇ ತೆಂಗಿನಕಾಯಿ ತುರಿಯುವ ಹಲ್ಲು. ಬಹಳ ಹೊತ್ತು ನೋಡಿ, ಅದರ ಚಿತ್ರ ಬರೆದು, ಕೆಳಗೆ ‘ಬದಲಾಯಿಸುವಂಥದ್ದು ಏನೂ ಇಲ್ಲ, ಬದಲಾದದ್ದು ನಮ್ಮ ಮಂಡಿ’ ಎಂದು ಬರೆದಳು. ಕೊನೆಯ ಭಾಗ ಅವಳ ದೊಡ್ಡಮ್ಮನ ಮಾತು.

ಕೊನೆಗೆ ಅವಳು ಕಾಲೇಜಿಗೆ ಒಪ್ಪಿಸಿದ್ದು ಸೋಪಿನ ಡಬ್ಬಿಯನ್ನಲ್ಲ. ನನ್ನವಳಿಗೆ ಬೆರಳ ಗೆಣ್ಣುಗಳ ನೋವು. ಉಪ್ಪಿನಕಾಯಿ ಶೀಷೆಯ ಮುಚ್ಚಳ ತಿರುಗಿಸಲಾಗದೆ, ನನ್ನ ಹಳೆಯ ಸೈಕಲ್ಲಿನ ಟ್ಯೂಬನ್ನು ಉಂಗುರ ಉಂಗುರವಾಗಿ ಕತ್ತರಿಸಿ ಎಲ್ಲ ಮುಚ್ಚಳಗಳಿಗೂ ಎಂದೋ ತೊಡಿಸಿದ್ದಳು. ಹಿಡಿತ ಸಿಗುತ್ತದೆ, ಜಾರುವುದಿಲ್ಲ. ಅಮೆರಿಕದಲ್ಲಿ ಸ್ಯಾಮ್ ಫಾರ್ಬರ್ ಎಂಬಾತ ಹೆಂಡತಿಗೆ ಇದೇ ಕೀಲುನೋವಿದ್ದದ್ದರಿಂದ ಸಿಪ್ಪೆ ಹೆರೆಯುವ ಸಾಧನಕ್ಕೆ ದಪ್ಪ ರಬ್ಬರ್ ಹಿಡಿ ಹಾಕಿಸಿ, 1990ರಲ್ಲಿ ಆಕ್ಸೊ ಎಂಬ ಕಂಪನಿಯನ್ನೇ ಕಟ್ಟಿದ. ನಮ್ಮ ಮನೆಯಲ್ಲಿ ಕಂಪನಿ ಆಗಲಿಲ್ಲ, ನನ್ನ ಸೈಕಲ್ ಮೂಲೆ ಸೇರಿತು. ಪುಟ್ಟಿ ಆ ಉಂಗುರಗಳ ಫೋಟೊ ತೆಗೆದು, ಅಳತೆ ಹಾಕಿ, ಅರ್ಧ ಹಿಡಿಯ ಪೊರಕೆಯನ್ನೂ ಸೇರಿಸಿ, ಮಾಡಿದವರು ಯಾರೆಂದೂ ಬರೆದು ಕೊಟ್ಟಳು. ಒಳ್ಳೆಯ ಅಂಕ ಬಂದಿದೆ. ಅಂಕದಲ್ಲಿ ಟ್ಯೂಬಿನ ಮಾಲೀಕನಿಗೆ ಪಾಲಿಲ್ಲವಂತೆ.

ಮುಂದಿನ ಸೆಮಿಸ್ಟರಿಗೆ ಬಚ್ಚಲುಮನೆ: ಬಕೆಟ್ಟು, ಮಗ್ಗು, ಸೋಪಿನ ಪೆಟ್ಟಿಗೆ. ಹಿರಿಯ ನಾಗರಿಕರು ಇವುಗಳನ್ನು ಹೇಗೆ ಬಳಸುತ್ತಾರೆಂದು ಪಕ್ಕದಲ್ಲಿ ನಿಂತು ಗಮನಿಸಬೇಕಂತೆ. ನಾನು ಆಗುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿಯಾಗಿದೆ. ಚಾಮರಾಜಪುರಂ, ಲಕ್ಷ್ಮೀಪುರಂ, ಸರಸ್ವತೀಪುರಂ ಕಡೆಯ ಓದುಗರಲ್ಲಿ ಅರವತ್ತು ದಾಟಿದ ಧೈರ್ಯಶಾಲಿಗಳು ಯಾರಾದರೂ ಇದ್ದರೆ ದಯವಿಟ್ಟು ಮುಂದೆ ಬನ್ನಿ. ಕಾಫಿ ನಮ್ಮ ಮನೆಯದು.