ಚುಕ್ಕಿ-ಫಾರ್ವರ್ಡ್ ಮೀಮಾಂಸೆ: ಕಲಾಸಿಪಾಳ್ಯ ಪಾಠಾಂತರ

ಯೂನಿಕ್ಸ್ ಮೇಲ್ ಸರ್ವರಿನಲ್ಲಿ ತನಗೆ ಬಂದ ಟಪಾಲನ್ನು ಬೇರೆ ವಿಳಾಸಕ್ಕೆ ದಾಟಿಸುವ ವಿದ್ಯೆ ಅಮೆರಿಕದ ಬರ್ಕ್ಲಿಯದೆಂದೂ, ಎರಿಕ್ ಆಲ್ಮನ್ ಬರೆದ ಸೆಂಡ್‌ಮೇಲ್ 1983ರಲ್ಲಿ ಬಿಎಸ್‌ಡಿ ಯೂನಿಕ್ಸ್‌ನ ಜತೆ ಹೊರಟು ಅದನ್ನು ಲೋಕಕ್ಕೆ ಹಂಚಿತೆಂದೂ ಪೂರ್ವಪಕ್ಷದವರ ವಾದ. ನಮ್ಮ ಸಿದ್ಧಾಂತ ಬೇರೆ: ಮೂಲ ಇರುವುದು ಕೆ.ಆರ್. ಮಾರ್ಕೆಟ್ ಪಕ್ಕದ ಕಲಾಸಿಪಾಳ್ಯದ ಲಾರಿ ಆಫೀಸುಗಳಲ್ಲಿ. ಊರಿನ ಹೆಸರಲ್ಲೇ ಖಲಾಸಿ ಕೂತಿದ್ದಾನೆ. ಇಳಿಸಿದ್ದನ್ನು ಮತ್ತೆ ಏರಿಸುವುದೇ ಅವನ ಕಸುಬು. ಇದಕ್ಕೂ ಮೇಲೆ ಪುರಾವೆ ಕೇಳುವವರು ಅರಸಿಕರು.

ಸೂತ್ರ ಸಣ್ಣದು. ಹೋಮ್ ಡೈರೆಕ್ಟರಿಯಲ್ಲಿ '.ಫಾರ್ವರ್ಡ್' ಎಂಬ ಫೈಲಿಟ್ಟು ಅದರಲ್ಲಿ ಹೊಸ ವಿಳಾಸ ಬರೆ. ಭಾಷ್ಯವೇ ಉದ್ದ.

ಮುಂದೆ ಚುಕ್ಕಿಯಿರುವ ಫೈಲು, ಪಟ್ಟಿ ಕೇಳುವ 'ಎಲ್‌ಎಸ್' ಎಂದರೆ ಮುಖ ತೋರಿಸದು, 'ಎಲ್‌ಎಸ್ -ಎ' ಎಂದೇ ಕರೆಯಬೇಕು. ಗಲ್ಲಾಪೆಟ್ಟಿಗೆಯ ತಳದ ಪೇಪರಿನಡಿ ಗುಮಾಸ್ತರು ಇಟ್ಟ ನೋಟಿನ ಹಾಗೆ.

ಬರೀ ಹೊಸ ವಿಳಾಸ ಬರೆದರೆ ಟಪಾಲು ಅತ್ತ ಹೋಯಿತು, ಇತ್ತ ಏನೂ ಉಳಿಯಲಿಲ್ಲ. ಒಂದು ಪ್ರತಿ ಇಲ್ಲೂ ಬೇಕಾದರೆ ಬ್ಯಾಕ್‌ಸ್ಲ್ಯಾಶ್ ಎಳೆದು, ಅದಕ್ಕೆ ಅಂಟಿಸಿ ತನ್ನ ಹೆಸರು ಬರೆದು, ಅಲ್ಪವಿರಾಮದ ನಂತರ ಹೊಸ ವಿಳಾಸ ಕೊಡಬೇಕು. ಎಲ್‌ಆರ್ (ಲಾರಿ ರಸೀತಿ) ಪುಸ್ತಕದಲ್ಲಿ ಇಡುವ ಕಾರ್ಬನ್ ಹಾಳೆಯೇ ವಾಲಿಬಿದ್ದು ಬ್ಯಾಕ್‌ಸ್ಲ್ಯಾಶ್ ಆಯಿತೆಂಬುದು ನಮ್ಮ ನಿರುಕ್ತ.

ಇನ್ನು ಅಧಿಕಾರ ಪ್ರಕರಣ. ಈ ಲೇಖಕ ಉದಾರಿಯಾಗಿ ತನ್ನ ಫೈಲಿಗೆ 666 ಅನುಮತಿ ಕೊಟ್ಟ. ಮೂರು ದಿನ ಟಪಾಲು ಹಳೇ ಪೆಟ್ಟಿಗೆಯಲ್ಲೇ ಕೊಳೆಯಿತು. ಕಂಡವರೆಲ್ಲ ತಿದ್ದಬಹುದಾದ ಫೈಲನ್ನು ಸೆಂಡ್‌ಮೇಲ್ ನಂಬದು. ದಾರಿಹೋಕರು ವಿಳಾಸ ತಿದ್ದಿದ ಮೂಟೆಯನ್ನು ಯಾವ ಮೇಸ್ತ್ರಿ ಲಾರಿಗೆ ಹಾಕಿಸಿಯಾನು? 644 ಮಾಡಿದೆ, ಹರಿಯಿತು.

ಘೋರವಾದದ್ದು ಅನ್ಯೋನ್ಯಾಶ್ರಯ ದೋಷ: ಈ ಪೆಟ್ಟಿಗೆ ಆ ಪೆಟ್ಟಿಗೆಗೆ ದಾಟಿಸುತ್ತದೆ, ಅದು ಇದಕ್ಕೇ. ಪ್ರತಿ ಸರ್ವರೂ 'ರಿಸೀವ್ಡ್' ಸಾಲೊಂದನ್ನು ಒತ್ತಿ ಕಳಿಸುತ್ತದೆ. ಯಾರೂ ಬದಲಿಸದಿದ್ದರೆ ಸೆಂಡ್‌ಮೇಲಿನ ತಾಳ್ಮೆ 25 ಸಾಲು, ಅದರದೇ ಕಸುಬಿನ ಪೋಸ್ಟ್‌ಫಿಕ್ಸ್‌ನದು 50; ಮೀರಿದರೆ ಕಳಿಸಿದವನ ತಲೆಗೇ ವಾಪಸು.

ಕಲಾಸಿಪಾಳ್ಯದ ತಾಳ್ಮೆ ನಾಲ್ಕು. ತುಮಕೂರಿನ ಅಣ್ಣ ಹುಣಸೆಹಣ್ಣಿನ ಮೂಟೆ ಕಳಿಸಿದ್ದ. ಮನೆಯಲ್ಲಿ ಇತ್ತು, ಅತ್ತಿಗೆಗಿರಲಿ ಎಂದು ತಿರುಗಿ ಬುಕ್ ಮಾಡಿದೆ. ಅವನೂ ಹಾಗೇ ಅಂದುಕೊಂಡ. ನಾಲ್ಕನೇ ಸಲ ಗುಮಾಸ್ತರು ಮಾರ್ಕರ್ ಮುಚ್ಚಿಟ್ಟು, ಗೋಣಿಯನ್ನು ಒಂದು ಸುತ್ತು ತಿರುಗಿಸಿ ನೋಡಿದರು.

"ಸ್ವಾಮಿ, ಹಣ್ಣು ನಿಮಗೆ ಬೇಕೋ ಅವರಿಗೆ ಬೇಕೋ ನೀವೇ ಮಾತಾಡ್ಕೊಳ್ಳಿ. ಮೂಟೆ ಮೇಲೆ ಬರೆಯೋಕೆ ಜಾಗ ಇಲ್ಲ."