ಎಕ್ಸ್‌ಟರ್ನ್ಸ್ ಮೀಮಾಂಸೆ

ಕಂಪೈಲರ್ ಮತಗಳಲ್ಲಿ ಕಟ್ಟಾ ಅದ್ವೈತಿ ಯಾರೆಂದರೆ, ಗೂಗಲ್ 2009ರಲ್ಲಿ ಲೋಕಾರ್ಪಣೆ ಮಾಡಿದ ಕ್ಲೋಷರ್ ಕಂಪೈಲರ್. ಇದರಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿಲ್ಲ. ಇದ್ದವರನ್ನು ನಾವು ಕೇಳಲಿಲ್ಲ. ಅದರ ಅಡ್ವಾನ್ಸ್‌ಡ್ ಮೋಡಿನ ಸಿದ್ಧಾಂತ ಇಷ್ಟೆ: ನನ್ನ ಕೈಗಿತ್ತ ಕೋಡೇ ಸಮಸ್ತ ಜಗತ್ತು. ನಾಮರೂಪಗಳು ಮಿಥ್ಯೆಯಾದ್ದರಿಂದ, ಪ್ರೋಗ್ರಾಮರ್ ಅಕ್ಕರೆಯಿಂದ ಇಟ್ಟ ಉದ್ದುದ್ದ ಹೆಸರುಗಳೆಲ್ಲ 'ಎ', 'ಬಿ' ಆಗುತ್ತವೆ. ಯಾರೂ ಕರೆಯದ ಫಂಕ್ಷನ್ನು ಹೇಳಹೆಸರಿಲ್ಲದೆ ಲಯವಾಗುತ್ತದೆ. ಫೈಲು ಕಿರಿದಾಗಿ ಪುಟ ಬೇಗ ತೆರೆಯುತ್ತದೆ. ಇದೇ ಮೋಕ್ಷ.

ಇಲ್ಲಿ ಪೂರ್ವಪಕ್ಷಿ ಏಳುತ್ತಾನೆ (ಸಾಮಾನ್ಯವಾಗಿ ಕ್ಲೈಂಟಿನ ಕಡೆಯವನು): "ಸ್ವಾಮಿ, ಪುಟದಲ್ಲಿ ಒಂದು ಮ್ಯಾಪು ಬೇಕಲ್ಲ?" ಮ್ಯಾಪಿನ ಲೈಬ್ರರಿ ಬರುವುದು ಬೇರೆ ಸರ್ವರಿನಿಂದ, ಅದೂ ಪುಟ ತೆರೆದ ಮೇಲೆ. ಕಂಪೈಲರ್ ಅದನ್ನು ಕಂಡಿಲ್ಲ. ಕಾಣದ್ದು ಇಲ್ಲವೇ ಇಲ್ಲ. ಹಾಗಾಗಿ ನಮ್ಮ 'ಮ್ಯಾಪ್.ಸೆಟ್‌ಸೆಂಟರ್' ಅಳುಕಿಲ್ಲದೆ 'ಎ.ಬಿ' ಆಗುತ್ತದೆ. ಅತ್ತ ಲೈಬ್ರರಿಯಲ್ಲಿ ಸೆಟ್‌ಸೆಂಟರ್ ತನ್ನ ಹುಟ್ಟುಹೆಸರಿನಲ್ಲೇ ಕಾದು ಕೂತಿರುತ್ತದೆ. 'ಎ.ಬಿ ಫಂಕ್ಷನ್ ಅಲ್ಲ' ಎಂದು ಬ್ರೌಸರಿನ ಕನ್ಸೋಲು ಕೆಂಪಕ್ಷರದಲ್ಲಿ ಅಪ್ಪಣೆ ಕೊಡಿಸುತ್ತದೆ. ಕಂಪೈಲ್ ಮಾಡದೆ ನೋಡಿದಾಗ ಎಲ್ಲ ಸರಿಯಿತ್ತೆಂಬ ಡೆವಲಪರನ ಹೇಳಿಕೆ ಸತ್ಯ, ಆದರೆ ಪ್ರಮಾಣವಲ್ಲ.

ಪರಿಹಾರಕ್ಕೆ ಎಕ್ಸ್‌ಟರ್ನ್ಸ್ ಎಂಬ ಫೈಲುಂಟು. ಹೊರಗಿನ ಹೆಸರುಗಳನ್ನೆಲ್ಲ ಒಡಲಿಲ್ಲದ ಫಂಕ್ಷನ್ನುಗಳಾಗಿ ಅದರಲ್ಲಿ ಸಾಲಾಗಿ ನಿಲ್ಲಿಸಿ 'ಇವರನ್ನು ಮುಟ್ಟಬೇಡ' ಎಂದು ಕಟ್ಟಪ್ಪಣೆ ಮಾಡುವುದು. ಲೈಬ್ರರಿಯ ಹೊಸ ಆವೃತ್ತಿ ಬಂದಾಗ ಪಟ್ಟಿ ತಿದ್ದುವವರು ಯಾರೆಂದು ಮೀಟಿಂಗಿನಲ್ಲಿ ಕೇಳಿದರೆ ಎಲ್ಲರೂ ಮ್ಯೂಟಿನಲ್ಲಿರುತ್ತಾರೆ. ಸೋಮಾರಿ ಶಾಖೆಯವರು ಹೆಸರನ್ನು ಚೌಕ ಕಂಸದೊಳಗೆ, ಉದ್ಧರಣ ಚಿಹ್ನೆ ಹಾಕಿ ಬರೆಯುತ್ತಾರೆ. ಉದ್ಧರಣೆಯನ್ನು ತಿದ್ದಬಾರದೆಂಬ ಮರ್ಯಾದೆ ಕಂಪೈಲರಿಗೂ ಇದೆ.

ಜಾವಾದಲ್ಲಿ ಬರೆದದ್ದನ್ನು ಜಾವಾಸ್ಕ್ರಿಪ್ಟ್ ಮಾಡುವ, 2006ರ ಗೂಗಲ್ ವೆಬ್ ಟೂಲ್‌ಕಿಟ್ಟಿನದು ಇನ್ನೂ ಸೂಕ್ಷ್ಮ ದರ್ಶನ. ಅಲ್ಲಿ ಹೊರಗಿನ ಲೈಬ್ರರಿಯನ್ನು ಕರೆಯಬೇಕಾದರೆ ಮೆಥಡ್ಡಿಗೆ 'ನೇಟಿವ್' ಎಂದು ಬರೆದು, ಜಾವಾಸ್ಕ್ರಿಪ್ಟನ್ನು ಕಾಮೆಂಟಿನೊಳಗೆ ಅಡಗಿಸಿಡಬೇಕು. ಜಾವಾ ಕಂಪೈಲರ್ ಅದನ್ನು ಟಿಪ್ಪಣಿಯೆಂದು ದಾಟಿಹೋಗುತ್ತದೆ; ಟೂಲ್‌ಕಿಟ್ಟು ಅದನ್ನೇ ಕಣ್ಣಿಗೊತ್ತಿಕೊಂಡು ಓದುತ್ತದೆ. ಮೂಲ ಖಾಲಿ, ವ್ಯಾಖ್ಯಾನದಲ್ಲೇ ಸಕಲವೂ: ನಮ್ಮ ಪಂಡಿತ ಪರಂಪರೆ ಇದಕ್ಕೆ ಬೆರಗಾಗಬೇಕಿಲ್ಲ. ಕಾಮೆಂಟುಗಳು ಹೆಚ್ಚಾದವೆಂದು ಅಳಿಸಿ ಕೋಡು ಚೊಕ್ಕಟ ಮಾಡಿದ ಶಿಷ್ಯರಿಗೆ ಬಿಲ್ಡೇ ಗುರುವಾಗಿ ಪಾಠ ಹೇಳುತ್ತದೆ.

ಟೂಲ್‌ಕಿಟ್ಟಿನ 2.8ರ ಆವೃತ್ತಿಯಿಂದ ಜೆಎಸ್‌ಇಂಟರಾಪ್ ಮತ ಪ್ರಬಲವಾಯಿತು. ಕ್ಲಾಸಿನ ಹಣೆಗೆ ತಿಲಕದಂತೆ 'ಜೆಎಸ್‌ಟೈಪ್' ಎಂಬ ಅನೊಟೇಶನ್ ಇಟ್ಟು 'ನೇಟಿವ್' ಎಂದರಾಯಿತು, ಹೊರಗಿನವರೆಂದು ಗುರುತು ಸಿಗುತ್ತದೆ. ವ್ಯಾಖ್ಯಾನದಿಂದಲೇ ಹೊಟ್ಟೆ ಹೊರೆದ ಹಿರಿಯರು ಈ ಸುಧಾರಣೆಯನ್ನು ತಾತ್ವಿಕವಾಗಿ ವಿರೋಧಿಸುತ್ತಾರೆ. ಅವರ ಪ್ರಾಜೆಕ್ಟು ಇನ್ನೂ 2.5ರಲ್ಲಿದೆ.