ವ್ಯಾನಿನೊಳಗೆ ಮನೆ ಕಟ್ಟಿಸುವ ಕ್ರಮ

ಒಳಗೆ ಮಲಗಲು, ಬೇಯಿಸಲು, ಕೂತು ಉಣ್ಣಲು ಏರ್ಪಾಡಿರುವ ವಾಹನವೇ ಕ್ಯಾಂಪರ್. ಕರ್ನಾಟಕದಲ್ಲಿ ಇದಕ್ಕೆ ಒದಗುವ ಗಾಡಿ ಹೆಚ್ಚಾಗಿ ಟೆಂಪೋ ಟ್ರಾವೆಲರ್, ಅರ್ಥಾತ್ ಟಿಟಿ. ಬಜಾಜ್ ಟೆಂಪೋ ಕಂಪನಿ ಮರ್ಸಿಡಿಸ್‌ನ ವ್ಯಾನೊಂದರ ವಿನ್ಯಾಸ ತಂದು 1987ರಲ್ಲಿ ರಸ್ತೆಗಿಳಿಸಿದ ಗಾಡಿಯಿದು. 2005ರಲ್ಲಿ ಕಂಪನಿಯೇ ಫೋರ್ಸ್ ಮೋಟಾರ್ಸ್ ಎಂದು ಹೆಸರು ಬದಲಿಸಿಕೊಂಡರೂ ಟಿಟಿ ಟಿಟಿಯಾಗಿಯೇ ಉಳಿಯಿತು. ಬೀಗರು, ಪುಳಿಯೋಗರೆ ಡಬ್ಬಿ, ಚಾರ್ಮಾಡಿ ತಿರುವುಗಳಲ್ಲಿ ಮೂಸಲು ನಿಂಬೆಹಣ್ಣು, ಇಷ್ಟನ್ನೂ ತುಂಬಿಕೊಂಡು ಧರ್ಮಸ್ಥಳಕ್ಕೆ ಹೋಗಿಬಂದ ಅದೇ ಗಾಡಿಯನ್ನು ಐವತ್ತು ದಾಟಿದ ಮೇಲೆ ಇದ್ದಕ್ಕಿದ್ದಂತೆ ಮನೆಯೆಂದು ಕಾಣತೊಡಗುವ ಒಂದು ಬಗೆಯ ಗೃಹಸ್ಥನಿದ್ದಾನೆ. ಅವನನ್ನು ಇಲ್ಲಿ ಗ್ರಾಹಕ ಎಂದು ಕರೆಯಲಾಗಿದೆ. ಬಾಡಿಗೆ ಮನೆಯ ಓನರ್ ಗೋಡೆಗೆ ಮೊಳೆ ಹೊಡೆಯಲು ಬಿಡದಿದ್ದುದು ಈ ಕಾಯಿಲೆಗೆ ಮೂಲವಿರಬಹುದು.

ಗ್ರಾಹಕನ ತಪ್ಪೆಂದು ಪೂರ್ತಿ ಹೇಳುವಂತಿಲ್ಲ; ಜರ್ಮನರೂ ಹೀಗೆಯೇ. ಅಲ್ಲಿಯ ವೆಸ್ಟ್‌ಫಾಲಿಯಾ ಕಂಪನಿ ಫೋಕ್ಸ್‌ವ್ಯಾಗನ್ ವ್ಯಾನಿನೊಳಗೆ ಕೂರಿಸಬಹುದಾದ ‘ಕ್ಯಾಂಪಿಂಗ್ ಪೆಟ್ಟಿಗೆ’ ಮಾಡತೊಡಗಿದ್ದು 1951ರಲ್ಲಿ. ವಾರವಿಡೀ ಸಾಮಾನು ಹೊತ್ತ ವ್ಯಾನಿಗೆ ಶನಿವಾರ ಪೆಟ್ಟಿಗೆ ಇಳಿಸಿದರೆ ಮನೆ. ಸೋಮವಾರ ಎತ್ತಿಟ್ಟರೆ ಮತ್ತೆ ಅಂಗಡಿಯ ಗಾಡಿ. ನಮ್ಮ ಗ್ರಾಹಕನಿಗೆ ಈ ವಿವೇಕ ಹಿಡಿಸುವುದಿಲ್ಲ. ಅವನಿಗೆ ಗ್ರಾನೈಟ್ ಕಟ್ಟೆ ಬೇಕು.

ಈ ಕೆಲಸ ಹಿಡಿಯುವವರು ಒಂದೇ ಕುಲದವರಲ್ಲ. ಮೊದಲು ಸಿಗುವವರು ಬಸ್ ಬಾಡಿ, ಆಂಬುಲೆನ್ಸ್ ಕಟ್ಟುವವರು. ಈ ವಿದ್ಯೆಗೆ ತಮಿಳುನಾಡಿನ ಕರೂರು ಹೆಸರಾದ ಊರು. ಕಬ್ಬಿಣ, ವೆಲ್ಡಿಂಗ್, ತೂಕ, ಆರ್‌ಟಿಓ ಇವರಿಗೆ ಕರತಲಾಮಲಕ. ಆದರೆ ಇವರ ಕಣ್ಣಿಗೆ ಖಾಲಿ ಜಾಗವೆಂದರೆ ಸೀಟು ಬರಬೇಕಾದ ಜಾಗ. ತಡೆಯದಿದ್ದರೆ ಅಡುಗೆಕಟ್ಟೆಯ ಪಕ್ಕದಲ್ಲೂ ಮೂರು ಪುಶ್‌ಬ್ಯಾಕ್ ಎಬ್ಬಿಸುತ್ತಾರೆ. ಎರಡನೆಯವರು ಗಾಂಧಿನಗರದ ಸಿನಿಮಾದವರಿಗೆ ‘ಕ್ಯಾರವಾನ್’ ಮಾಡಿಕೊಡುವವರು. ಸುತ್ತ ಬಲ್ಬಿರುವ ಕನ್ನಡಿ, ಒರಗುವ ಸೋಫಾ, ನೀಲಿ ಎಲ್‌ಇಡಿ ಇವರ ಕೈವಾಡ. ಶೂಟಿಂಗ್ ಜಾಗದಲ್ಲಿ ಜನರೇಟರ್ ಸದಾ ಗುಡುಗುತ್ತಿರುವುದರಿಂದ ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಎಂಬ ಪ್ರಶ್ನೆ ಇವರ ಜೀವನದಲ್ಲಿ ಎದುರಾಗಿಲ್ಲ. ಮಾಡ್ಯುಲರ್ ಕಿಚನ್‌ನಿಂದ ಈ ಕಡೆಗೆ ಬಂದವರ ಕೆಲಸ ನುಣುಪು, ಲ್ಯಾಮಿನೇಟ್ ಥಳಥಳ. ಅವರಿಗೆ ತಿಳಿಯದ್ದು ರೋಡ್ ಹಂಪ್ ಒಂದೇ. ಕೊನೆಯವರು ತಮ್ಮ ವ್ಯಾನನ್ನು ತಾವೇ ಕಟ್ಟಿಕೊಂಡು ಊರೂರು ಸುತ್ತಿ, ಅದರ ವಿಡಿಯೊ ಮಾಡಿ, ಆಮೇಲೆ ಕಂಪನಿ ತೆರೆದ ಹುಡುಗರು. ವಿಷಯ ಚೆನ್ನಾಗಿ ಬಲ್ಲವರು. ಫೋನ್ ಮಾಡಿದಾಗಲೆಲ್ಲ ಲಡಾಖ್‌ನಲ್ಲಿರುತ್ತಾರೆ.

ನಾಲ್ಕೂ ಕಡೆ ಗ್ರಾಹಕನಿಗೆ ಕಂಪ್ಯೂಟರಿನಲ್ಲಿ ಬಿಡಿಸಿದ ಒಂದೇ ಚಿತ್ರ ತೋರಿಸಲಾಗುತ್ತದೆ. ಕಿಟಕಿಯಾಚೆ ಸಮುದ್ರ, ಒಳಗೆ ಬಿಳಿ ಹಾಸಿಗೆ, ಕೈಯಲ್ಲಿ ಮಗ್ ಹಿಡಿದ ತೆಳ್ಳನೆಯ ಜೋಡಿ. ಚಿತ್ರದಲ್ಲಿ ಅತ್ತೆಯಿಲ್ಲ, ಒದ್ದೆ ಟವಲಿಲ್ಲ, ಮಾತ್ರೆಗಳ ಡಬ್ಬಿಯಿಲ್ಲ. ಆದ್ದರಿಂದ ಕಂಪನಿಯನ್ನು ಅಳೆಯಲು ಚಿತ್ರ ಸಾಲದು; ಸೀಮೆಸುಣ್ಣ ಬೇಕು.

ಸೀಮೆಸುಣ್ಣದ ಪರೀಕ್ಷೆ ನಡೆಯುವುದು ವರ್ಕ್‌ಶಾಪಿನ ನೆಲದ ಮೇಲೆ. ಗಾಡಿಯ ಹೊರಗಿನ ಅಗಲ ಸುಮಾರು 2.1 ಮೀಟರ್; ಶಾಖ ತಡೆಯುವ ಹೊದಿಕೆ, ಅದರ ಮೇಲಿನ ಪ್ಲೈವುಡ್ ಎಲ್ಲ ಕಳೆದು ಒಳಗೆ ಉಳಿಯುವುದು 1.75 ಮೀಟರ್ ಆಸುಪಾಸು. ಮೇಸ್ತ್ರಿ ಅಷ್ಟಗಲದ ಚೌಕಟ್ಟು ಗೀಚಿ, ಬಾಗಿಲು, ಮಂಚ, ಒಲೆ, ಸಿಂಕು ಎಲ್ಲ ಬರೆದು ಪಕ್ಕಕ್ಕೆ ಸರಿಯುತ್ತಾನೆ. ಗ್ರಾಹಕ ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಾನೆ. ಚಪ್ಪಲಿ ಬಿಡು ಎಂದು ಯಾರೂ ಹೇಳಿರುವುದಿಲ್ಲ. ಹೆಂಡತಿ, ತಾಯಿ ಹಿಂಬಾಲಿಸುತ್ತಾರೆ. ಮೂವರೂ ಸುಣ್ಣದ ಗೆರೆಯೊಳಗೆ ಭುಜ ಕುಗ್ಗಿಸಿಕೊಂಡು ನಿಲ್ಲುತ್ತಾರೆ; ಸುತ್ತ ನಾಲ್ಕು ಸಾವಿರ ಚದರಡಿ ಶೆಡ್ ಖಾಲಿಯಿದೆ.

ಗ್ರಾಹಕ ಅಡ್ಡ ಮಂಚದ ಮೇಲೆ, ಎಂದರೆ ಗ್ರೀಸ್ ಮೆತ್ತಿದ ನೆಲದ ಮೇಲೆ, ಅಂಗಾತ ಮಲಗುತ್ತಾನೆ. ಪಾದಗಳು ಗೋಡೆ ದಾಟಿ ನಾಲ್ಕು ಇಂಚು ಹೊರಗೆ ಹೋಗುತ್ತವೆ. “ಮಂಡಿ ಸ್ವಲ್ಪ ಮಡಚ್ಕೊಂಡ್ರೆ ಆಗುತ್ತೆ ಸಾರ್” ಎನ್ನುತ್ತಾನೆ ಮೇಸ್ತ್ರಿ. ಹೆಂಡತಿ ಸುಣ್ಣದ ಒಲೆಯ ಮುಂದೆ ನಿಂತು ದೋಸೆ ಹುಯ್ದು, ತಿರುವಿ, ತಗ್ಗಿ ನೋಡುತ್ತಾಳೆ. “ರೀ, ನಾನು ಒಗ್ಗರಣೆ ಹಾಕಿದ್ರೆ ಸಾಸಿವೆ ನಿಮ್ಮ ಮುಖಕ್ಕೇ ಸಿಡಿಯುತ್ತೆ.” ಇದು ನಿಜ. ದಿಂಬಿಗೂ ಒಲೆಗೂ ನಡುವೆ ಒಂದೂವರೆ ಅಡಿ. ತಾಯಿ ಒಲೆಯ ಪಕ್ಕದ ಸಣ್ಣ ಚೌಕ ಏನೆಂದು ಕೇಳುತ್ತಾಳೆ. ಏನೆಂದು ತಿಳಿದ ಮೇಲೆ ಸ್ವಲ್ಪ ಹೊತ್ತು ಯಾರೊಂದಿಗೂ ಮಾತಾಡುವುದಿಲ್ಲ.

ಅಷ್ಟರಲ್ಲಿ ಟೀ ತಂದ ಹುಡುಗ ಗೋಡೆಯನ್ನು ತುಳಿದುಕೊಂಡು ನೇರ ಒಳಗೆ ಬರುತ್ತಾನೆ. “ಬಾಗಿಲಿಂದ ಬಾರೋ ಮಗು” ಎಂದು ತಾಯಿ ಗದರುತ್ತಾಳೆ. ಹುಡುಗ ಹಿಂದೆ ಸರಿದು, ಸುತ್ತಿಕೊಂಡು ಹೋಗಿ, ಬಾಗಿಲೆಂದು ಬಿಟ್ಟ ಸಂದಿನಲ್ಲಿ ಮೈ ಹಿಡಿದು ನುಸುಳಿ ಟೀ ಕೊಡುತ್ತಾನೆ. ಹೊರಹೋಗುವಾಗ ಬಾಗಿಲು ಎಳೆದ ಹಾಗೆ ಕೈಯನ್ನೂ ಮಾಡುತ್ತಾನೆ. ಈ ಮರ್ಯಾದೆಯನ್ನು ತೋರದ್ದು ವರ್ಕ್‌ಶಾಪಿನ ನಾಯಿ ಮಾತ್ರ. ಅದು ಸಿಂಕು ದಾಟಿ ಬಂದು, ಗ್ರಾಹಕ ಎದ್ದ ಮಂಚದ ಮೇಲೆ ಸುತ್ತು ಹಾಕಿ ಮಲಗುತ್ತದೆ. ಅದಕ್ಕೆ ಅಳತೆ ಸರಿಹೋಗುತ್ತದೆ. “ದೇವರ ಗೂಡು ಎಲ್ಲಿ? ಪೂರ್ವ ಯಾವ ಕಡೆ?” ಎಂಬುದು ತಾಯಿಯ ಕೊನೆಯ ಪ್ರಶ್ನೆ. ಮೇಸ್ತ್ರಿ ಟೀ ಗುಟುಕರಿಸುತ್ತ, “ಗಾಡಿ ತಿರುಗಿಸಿಕೊಂಡ್ರೆ ಆಯ್ತಲ್ಲ ಅಜ್ಜಿ” ಎನ್ನುತ್ತಾನೆ. ಸೈಟು ಕೊಂಡಾಗಿನಿಂದ ವಾಸ್ತುವಿನವರಿಗೆ ದುಡ್ಡು ಸುರಿದ ಸಂಸಾರದಲ್ಲಿ ಈ ಉತ್ತರಕ್ಕೆ ಸಿಗುವ ಬೆಲೆ ದೊಡ್ಡದು. ಮಂಚ ಉದ್ದುದ್ದಕ್ಕೆ ತಿರುಗುತ್ತದೆ, ಚೌಕ ಹಿಂದಕ್ಕೆ ಹೋಗುತ್ತದೆ, ಗೂಡು ನಿಲ್ಲುತ್ತದೆ. ಇಷ್ಟು ಹೊತ್ತು ಕೊಟ್ಟು, ಅಳಿಸಿ ಬರೆದು, ನಗದೆ ನಿಂತ ಕಂಪನಿಯೊಂದಿಗೆ ಮುಂದಿನ ಮಾತಾಡಬಹುದು. ಪೂರ್ತಿ ಮುಂಗಡ ಹಾಕಿ ಆಮೇಲೆ ಬನ್ನಿ ಎನ್ನುವವರಿಗೆ ದೂರದಿಂದ ಕೈಮುಗಿಯಬೇಕು.

ಮುಂದಿನ ಮಾತು ತೂಕದ್ದು. ಎಂಟಡಿಗೆ ನಾಲ್ಕಡಿಯ 18 ಮಿಲಿಮೀಟರ್ ಪ್ಲೈವುಡ್ ಹಲಗೆ ಸುಮಾರು 35 ಕಿಲೋ ತೂಗುತ್ತದೆ. ಹತ್ತು ಹಲಗೆ ಹಾಕಿದರೆ ಐದಾರು ಜನ ಖಾಯಂ ಹತ್ತಿ ಕೂತ ಲೆಕ್ಕ. ನೂರು ಲೀಟರ್ ನೀರೆಂದರೆ ನೂರು ಕಿಲೋ. ಗ್ರಾನೈಟ್ ಬೇಡ ಎಂದು ಮುಖದ ಮೇಲೆ ಹೇಳುವ ಕಂಪನಿ ಸಿಕ್ಕರೆ ಅದು ಗ್ರಾಹಕನ ಪುಣ್ಯ. ಹಳೆಯ ಗಿರಾಕಿಯೊಬ್ಬರ ಗಾಡಿಯ ವೇ ಬ್ರಿಡ್ಜ್ ಚೀಟಿ ತೋರಿಸಿ ಎಂದರೆ ಕೆಲವರು ಆಲ್ಬಂ ತೋರಿಸುತ್ತಾರೆ.

ಕರೆಂಟಿನ ಲೆಕ್ಕದಲ್ಲಿ ಒಂದು ಸ್ವಾರಸ್ಯವಿದೆ. ವ್ಯಾನಿನಲ್ಲಿ ಗ್ರೈಂಡರ್ ಇಡಬೇಕೆಂದ ಕೂಡಲೇ ಎಲ್ಲರೂ ನಗುತ್ತಾರೆ. ಇಂಡಕ್ಷನ್ ಒಲೆ ಎಂದರೆ ತಲೆದೂಗುತ್ತಾರೆ. 12.8 ವೋಲ್ಟಿನ, 200 ಆಂಪಿಯರ್-ಅವರ್‌ನ ಲಿಥಿಯಂ ಬ್ಯಾಟರಿಯಲ್ಲಿರುವುದು 2560 ವ್ಯಾಟ್-ಅವರ್. ಟೇಬಲ್ ಮೇಲಿನ 150 ವ್ಯಾಟಿನ ಗ್ರೈಂಡರ್ ಅರ್ಧ ಗಂಟೆ ತಿರುಗಿದರೆ ಖರ್ಚು 75. 2000 ವ್ಯಾಟಿನ ಇಂಡಕ್ಷನ್ ಪೂರ್ತಿ ಉರಿದರೆ ಸುಮಾರು ಒಂದೂಕಾಲು ಗಂಟೆಯಲ್ಲಿ ಬ್ಯಾಟರಿ ಮುಗಿದಿರುತ್ತದೆ. ಅಂದರೆ ಹಿಟ್ಟು ರುಬ್ಬಿದ್ದು ನಿರಪರಾಧ, ದೋಸೆ ಹುಯ್ದದ್ದು ಅಪರಾಧ. ಒಂದು ಟನ್ನಿನ ಎಸಿ ಸಾವಿರ ವ್ಯಾಟಿನ ಲೆಕ್ಕದಲ್ಲಿ ಎರಡೂವರೆ ಗಂಟೆ ಓಡೀತು. ಆಮೇಲೆ ಕಿಟಕಿ ತೆರೆದು ಸೊಳ್ಳೆಗಳೊಂದಿಗೆ ಬೆಳಗು ಮಾಡಬೇಕು. “ನಿಮ್ಮ ಮನೇಲಿ ಬೆಳಿಗ್ಗೆ ತಿಂಡಿ ಏನು ಮಾಡ್ತೀರಿ?” ಎಂದು ಮೊದಲೇ ಕೇಳುವ ಕಂಪನಿಗೆ ಈ ಲೆಕ್ಕ ಗೊತ್ತಿದೆ. ಎಲ್ಲದಕ್ಕೂ ‘ಆಗುತ್ತೆ ಸಾರ್’ ಎನ್ನುವವರು ವಾಷಿಂಗ್ ಮೆಷಿನ್ನಿಗೂ ಹಾಗೇ ಎನ್ನುತ್ತಾರೆ.

ನಗುವಿಲ್ಲದೆ ನೋಡಬೇಕಾದ ಜಾಗಗಳೂ ಇವೆ. ಹನ್ನೆರಡು ವೋಲ್ಟಿನಲ್ಲಿ 2000 ವ್ಯಾಟ್ ಎಳೆದರೆ ತಂತಿಯಲ್ಲಿ ಹರಿಯುವುದು 160 ಆಂಪಿಯರ್‌ಗೂ ಹೆಚ್ಚು. ತಂತಿ ಸಣ್ಣದಾದರೆ, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಇಲ್ಲದಿದ್ದರೆ, ಚಂದದ ಲ್ಯಾಮಿನೇಟಿನ ಹಿಂದೆ ಬೆಂಕಿ ಮಲಗಿರುತ್ತದೆ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ನಿಲ್ಲುತ್ತದೆ. ಸಿಲಿಂಡರ್ ಗೂಡಿನ ತಳದಲ್ಲಿ ಹೊರಕ್ಕೆ ತೆರೆದ ಕಿಂಡಿ ಇರಲೇಬೇಕು. ಮಂಚದಿಂದ ನೇರ ಹೊರಬೀಳಲು ಎರಡನೆಯ ದಾರಿ ಬೇಕು. 2013ರ ಅಕ್ಟೋಬರ್ 30ರ ನಸುಕಿನಲ್ಲಿ, ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟಿದ್ದ ಬಸ್ಸು ಆಗಿನ ಮಹಬೂಬ್‌ನಗರ ಜಿಲ್ಲೆಯ ಪಾಲೆಂ ಬಳಿ ಹೊತ್ತಿಕೊಂಡು 45 ಮಂದಿ ಸತ್ತರು. ಅಲ್ಲಿ ಬೆಂಕಿಯ ಕಾರಣ ಬೇರೆ, ಮೋರಿಗೆ ಬಡಿದದ್ದು. ಮಲಗಿದವರಿಗೆ ಎದ್ದು ಬರಲು ಹೊತ್ತು ಸಿಗಲಿಲ್ಲ. ಹಿಂಬಾಗಿಲಿಗೆ ಅಡ್ಡವಾಗಿ ಕಪಾಟು ಜಡಿದು ‘ಜಾಗ ಉಳಿಸಿದ್ದೀವಿ’ ಎಂದು ಹೆಮ್ಮೆಪಡುವ ಕಂಪನಿಯಿಂದ ಟೀ ಕುಡಿಯದೆ ಹೊರಡುವುದು ಒಳ್ಳೆಯದು.

ಇನ್ನು ಕಾನೂನು. ಗಾಡಿಯನ್ನು ಮನಬಂದಂತೆ ಮಾರ್ಪಡಿಸಲು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಬಿಡುವುದಿಲ್ಲ. ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾದ ಬದಲಾವಣೆ ಸಲ್ಲದೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಮೋಟಾರ್ ಕ್ಯಾರವಾನ್‌ಗೆಂದೇ ಎಐಎಸ್-124 ಎಂಬ ಮಾನದಂಡವಿದೆ. ನಿಯಮದ ಪ್ರಕಾರ ಒಳಗೆ ಇರಲೇಬೇಕಾದವು ಆಸನ ಮತ್ತು ಮೇಜು, ಮಲಗುವ ಏರ್ಪಾಡು, ಅಡುಗೆಯ ಏರ್ಪಾಡು, ಸಾಮಾನಿಡುವ ಜಾಗ. ಶೌಚಾಲಯದ ಮಾತಿಲ್ಲ, ತಾಯಿಯ ಅಭಿಪ್ರಾಯವೂ ಅದೇ. ನೋಂದಣಿಯಲ್ಲಿ ‘ಕ್ಯಾಂಪರ್ ವ್ಯಾನ್’ ಬೇರೆ, ‘ಸ್ವಂತ ಬಳಕೆಯ ಕ್ಯಾಂಪರ್ ವ್ಯಾನ್’ ಬೇರೆ. ಮೊದಲನೆಯದು ಸಾರಿಗೆ ವಾಹನ. ಆಂಬುಲೆನ್ಸ್, ಕ್ಯಾಶ್ ವ್ಯಾನ್, ಅಗ್ನಿಶಾಮಕದ ಗಾಡಿ ಎಲ್ಲ ಇರುವ ಪಟ್ಟಿಯಲ್ಲಿ ಏಜೆಂಟನ ಬೆರಳು ಒಂದು ಸಾಲು ಕೆಳಗೆ ಜಾರಿದರೆ ಏನಾಗುತ್ತದೆಂದು ಗ್ರಾಹಕ ರಾತ್ರಿಯೆಲ್ಲ ಯೋಚಿಸುವುದುಂಟು. ಕಂಪನಿಯವರನ್ನು ಕೇಳಬೇಕಾದ್ದು ಇಷ್ಟೇ: ನೀವು ಮಾಡಿಕೊಟ್ಟ ಗಾಡಿಯೊಂದರ ಆರ್‌ಸಿ ತೋರಿಸಿ. “ಪೇಪರ್ಸ್ ನಮ್ ಹುಡುಗ ನೋಡ್ಕೋತಾನೆ” ಎಂಬ ಉತ್ತರ ಬಂದರೆ ಆ ಹುಡುಗನನ್ನು ನೋಡಿ ಬರಬೇಕು. ಅವನು ಸಾಮಾನ್ಯವಾಗಿ ಇರುವುದಿಲ್ಲ.

ಗಾಡಿ ಕೈಗೆ ಬರುವ ದಿನ ನಿಂಬೆಹಣ್ಣಿಗೆ ಮೊದಲು ನೀರಿನ ಪೈಪ್ ಬೇಕು. ಛಾವಣಿಯ ಮೇಲೆ, ಫ್ಯಾನಿಗೆಂದು ಕೊರೆದ ತೂತಿನ ಸುತ್ತ ಅರ್ಧ ಗಂಟೆ ನೀರು ಬಿಟ್ಟು ಒಳಗೆ ಟಾರ್ಚ್ ಹಿಡಿದು ಕೂರಬೇಕು. ಮಲೆನಾಡಿನ ಜುಲೈ ತಿಂಗಳಿಗೆ ಹೋಲಿಸಿದರೆ ಇದು ಏನೂ ಅಲ್ಲ. ಆಮೇಲೆ ಕಪಾಟುಗಳಿಗೆ ಸ್ಟೀಲ್ ಪಾತ್ರೆ ತುಂಬಿ, ಬಡಾವಣೆಯ ಅತಿ ಕೆಟ್ಟ ಹಂಪ್‌ಗಳ ಮೇಲೆ ಓಡಿಸಬೇಕು. ಯಾವ ಬಾಗಿಲು ತಾನಾಗಿ ತೆರೆಯಿತು, ಯಾವ ಲೋಟ ಉರುಳಿತು ಎಂದು ತಾಯಿ ಹಿಂದಿನಿಂದ ಕೂಗಿ ಹೇಳುತ್ತಾಳೆ. ನೀರು ತುಂಬಿಸಿ ವೇ ಬ್ರಿಡ್ಜ್ ಹತ್ತಿಸಿ ಬಂದ ತೂಕವನ್ನು ಆರ್‌ಸಿಯಲ್ಲಿರುವ ಒಟ್ಟು ತೂಕದೊಂದಿಗೆ ತಾಳೆ ನೋಡಬೇಕು. ಮಾರ್ಪಾಡಿನ ವಿವರ ಇನ್ಶೂರೆನ್ಸ್ ಪಾಲಿಸಿಗೂ ಸೇರಬೇಕು. ಕೊನೆಯ ಕಂತನ್ನು ಹೊಸ ಆರ್‌ಸಿ ಕೈಗೆ ಬರುವವರೆಗೆ ಹಿಡಿದಿಟ್ಟುಕೊಳ್ಳುವುದು ಜಾಣರ ರೂಢಿ. ಈ ಮಾತನ್ನು ಬಾಯಿಮಾತಿನಲ್ಲಿ ಬಿಡದೆ, ಮುಂಗಡ ಕೊಡುವ ದಿನವೇ ರಸೀದಿಯ ಮೇಲೆ ಬರೆಸಿ ಸಹಿ ಹಾಕಿಸಿಕೊಳ್ಳಬೇಕು.